ಅಗಲಿದವರ ಕ್ಯಾಲೆಂಡರ್: ಒಂದು ವರ್ಷ ಗೋಡೆಯ ಮೇಲಿಟ್ಟು ನೋಡಿದ ಮೇಲೆ

ಕ್ಯಾಲೆಂಡರಿನ ಗುಣದೋಷವನ್ನು ಜನವರಿಯಲ್ಲಿ ಹೇಳಲು ಹೋಗಬಾರದು. ಸುರುಳಿ ಬಿಚ್ಚಿದ ದಿನ ಎಲ್ಲ ಕ್ಯಾಲೆಂಡರುಗಳೂ ಚೆನ್ನಾಗಿಯೇ ಕಾಣುತ್ತವೆ. ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ನೇತುಬಿದ್ದು, ಫ್ಯಾನಿನ ಗಾಳಿಗೆ ಬಡಿದುಕೊಂಡು, ಒಗ್ಗರಣೆಯ ಹೊಗೆ ಕುಡಿದು, ಹಾಲಿನ ಲೆಕ್ಕವನ್ನೂ ಗ್ಯಾಸ್ ಸಿಲಿಂಡರ್ ಹಚ್ಚಿದ ತಾರೀಕನ್ನೂ ಮೈಮೇಲೆ ಬರೆಸಿಕೊಂಡು ಡಿಸೆಂಬರ್ ದಾಟಿದ ಮೇಲೆಯೇ ಅದು ಎಂಥದ್ದೆಂದು ಗೊತ್ತಾಗುವುದು. ಆದ್ದರಿಂದ 2021ರಲ್ಲಿ ಅಗಲಿದ ನಾನಾ ಕ್ಷೇತ್ರದ ಗಣ್ಯರನ್ನು ನೆನೆಯುವುದಕ್ಕೆಂದೇ ಬೆಂಗಳೂರಿನ ಒಂದು ಸಣ್ಣ ಮುದ್ರಣಾಲಯದವರು ತಂದಿದ್ದ 2022ರ ಗೋಡೆ ಕ್ಯಾಲೆಂಡರಿನ ಬಗ್ಗೆ ಅದನ್ನು ಮೊಳೆಯಿಂದ ಇಳಿಸಿದ ಈ ಜನವರಿಯಲ್ಲಿ, ಅಂದರೆ 2023ರಲ್ಲಿ, ಬರೆಯುತ್ತಿದ್ದೇನೆ. ಆ ವರ್ಷ ಮುಗಿದಮೇಲೆ ಈ ಬರಹದಿಂದ ಯಾರಿಗೇನು ಉಪಯೋಗ ಎಂದು ಕೇಳಬಹುದು. ಅವರು ಇಂಥ ಕ್ಯಾಲೆಂಡರನ್ನು ಪ್ರತಿವರ್ಷವೂ ತರುತ್ತಾರೆ. ಹೊಸತು ಈಗಾಗಲೇ ಅಂಗಡಿಗೆ ಬಂದಿದೆ. ಹಳೆಯದರಲ್ಲಿದ್ದ ಗುಣಗಳೂ ಕುಂದುಗಳೂ ಬಹುಪಾಲು ಹೊಸದರಲ್ಲಿಯೂ ಉಳಿದಿವೆ.

ಮೊದಲು ವಸ್ತುವಿನ ಮಾತು. ಬೆಲೆ 150 ರೂಪಾಯಿ. ಆರು ಹಾಳೆ, ಹಾಳೆಗೆ ಎರಡು ತಿಂಗಳು. ಆರ್ಟ್ ಪೇಪರ್ ದಪ್ಪವಾಗಿದೆ, ಆದರೆ ಹೊಳಪು ಹೆಚ್ಚಾದದ್ದರಿಂದ ಬಾಲ್ ಪೆನ್ನಿನಲ್ಲಿ ಬರೆದದ್ದು ನಿಲ್ಲದೆ ಜಾರುತ್ತದೆ. ಪೆನ್ಸಿಲ್ ಅಂತೂ ಹಿಡಿಯುವುದೇ ಇಲ್ಲ. ತಾರೀಕಿನ ಚೌಕಗಳು ದೊಡ್ಡವು. ಕನ್ನಡ ಅಂಕಿ ದಪ್ಪಗೆ, ಇಂಗ್ಲಿಷ್ ಅಂಕಿ ಮೂಲೆಯಲ್ಲಿ ಸಣ್ಣಗೆ, ಕೆಳಗೆ ತಿಥಿ, ನಕ್ಷತ್ರ, ರಾಹುಕಾಲ. ವಯಸ್ಸಾದವರು ಕನ್ನಡಕ ಹುಡುಕದೆ ಓದಬಹುದಾದಷ್ಟು ದೊಡ್ಡ ಅಕ್ಷರ. ಮೇಲಿನ ತಗಡಿನ ಪಟ್ಟಿ ಮಾತ್ರ ಮಾರ್ಚ್ ಕಳೆಯುವಷ್ಟರಲ್ಲಿ ಒಂದು ತುದಿಯಿಂದ ಬಿಟ್ಟುಕೊಂಡಿತು. ಅಮ್ಮ ಅದನ್ನು ಸ್ಟೇಪ್ಲರ್ ಪಿನ್ನಿನಿಂದ ಹಿಡಿಸಿ, ಮೇಲೆ ಸೆಲೋಟೇಪು ಅಂಟಿಸಿ ವರ್ಷ ದಾಟಿಸಿದರು. ತಾರೀಕಿನ ಭಾಗಕ್ಕಿಂತ ಮೇಲೆ, ಹಾಳೆಯ ಅರ್ಧಕ್ಕೂ ಹೆಚ್ಚು ಜಾಗದಲ್ಲಿ ಭಾವಚಿತ್ರಗಳು. ಅವರು ತೀರಿಕೊಂಡ ದಿನದ ಚೌಕದಲ್ಲಿ ಒಂದು ಕರಿ ಚುಕ್ಕೆ. ಅವರ ಬಗೆಗಿನ ಬರಹವೆಲ್ಲ ಹಾಳೆಯ ಹಿಂಬದಿಯಲ್ಲಿ.

ಈ ಹಿಂಬದಿಯ ಬರಹವೇ ಈ ಕ್ಯಾಲೆಂಡರಿನ ದೊಡ್ಡ ಶಕ್ತಿಯೂ ಹೌದು, ದೊಡ್ಡ ತೊಂದರೆಯೂ ಹೌದು. ಓದಬೇಕೆಂದರೆ ಮೊಳೆಯಿಂದ ಇಳಿಸಿ, ಮಗುಚಿ, ಓದಿ, ಮತ್ತೆ ನೇತುಹಾಕಬೇಕು. ನಮ್ಮ ಮನೆಯಲ್ಲಿ ಈ ಕಷ್ಟವನ್ನು ತೆಗೆದುಕೊಂಡವನು ಹೆಚ್ಚುಕಡಿಮೆ ನಾನೊಬ್ಬನೇ. ಉಳಿದವರಿಗೆ ಅದು ಫೋಟೊ ಕ್ಯಾಲೆಂಡರ್ ಅಷ್ಟೇ ಆಗಿತ್ತು. ಹುಟ್ಟಿದ ಊರು, ಮಾಡಿದ ಒಂದು ಕೆಲಸ ಎಂಬಷ್ಟನ್ನಾದರೂ ಎರಡು ಸಾಲಿನಲ್ಲಿ ಚಿತ್ರದ ಕೆಳಗೆ ಹಾಕಿದ್ದರೆ ದಿನಕ್ಕೆ ಹತ್ತು ಸಲ ಅದರ ಮುಂದೆ ಓಡಾಡುವ ಮನೆಮಂದಿಗೆಲ್ಲ ವರ್ಷದ ಕೊನೆಗೆ ಹದಿಮೂರು ಬದುಕುಗಳ ಪರಿಚಯವಾಗಿರುತ್ತಿತ್ತು.

ಹದಿಮೂರು ಎಂದೆ. ಯಾರು ಯಾವ ತಿಂಗಳು ಹೋದರೋ ಆ ತಿಂಗಳ ಹಾಳೆಯಲ್ಲೇ ಅವರ ಚಿತ್ರ ಎಂಬುದು ಮುದ್ರಕರು ಇಟ್ಟುಕೊಂಡಿದ್ದ ನಿಯಮ. ಕೇಳಲು ಸರಳವಾದ ಈ ನಿಯಮ 2021ರಂಥ ವರ್ಷಕ್ಕೆ ಅನ್ವಯಿಸಿದಾಗ ಏನಾಯಿತೆಂಬುದನ್ನು ಮೇ–ಜೂನ್ ಹಾಳೆ ತೋರಿಸುತ್ತದೆ. ಜನವರಿ–ಫೆಬ್ರುವರಿಗೆ ಒಂದೇ ಚಿತ್ರ. ಮಾರ್ಚ್–ಏಪ್ರಿಲ್‌ಗೆ ಎರಡು. ಮೇ–ಜೂನ್‌ಗೆ ಐದು. ಮೇ 21ಕ್ಕೆ ಸುಂದರಲಾಲ್ ಬಹುಗುಣ, 26ಕ್ಕೆ ಎಚ್.ಎಸ್. ದೊರೆಸ್ವಾಮಿ, ಜೂನ್ 11ಕ್ಕೆ ಸಿದ್ಧಲಿಂಗಯ್ಯ, ಅದಾದ ನಾಲ್ಕೇ ದಿನಕ್ಕೆ ಸಂಚಾರಿ ವಿಜಯ್, 18ಕ್ಕೆ ಮಿಲ್ಖಾ ಸಿಂಗ್. ಇಕ್ಕಟ್ಟಾದ ಆ ಹಾಳೆಯಲ್ಲಿ ಮುಖಗಳು ಒಂದಕ್ಕೊಂದು ಒತ್ತಿಕೊಂಡಿವೆ. ಮಿಲ್ಖಾ ಸಿಂಗರ ಭುಜ ಅರ್ಧಕ್ಕೆ ಕತ್ತರಿಸಿಹೋಗಿದೆ. ವಿನ್ಯಾಸದ ದೃಷ್ಟಿಯಿಂದ ಇದು ಕೆಟ್ಟ ಹಾಳೆ. ಆದರೂ ವರ್ಷವಿಡೀ ನೋಡಿದ ಮೇಲೆ, ಆ ಇಕ್ಕಟ್ಟನ್ನು ಸರಿಪಡಿಸದೆ ಹಾಗೇ ಬಿಟ್ಟದ್ದೇ ಒಳ್ಳೆಯದಾಯಿತೆಂದು ನನಗೆ ಅನ್ನಿಸಿದೆ. ಕೋವಿಡ್ಡಿನ ಎರಡನೆಯ ಅಲೆ ಎಂದರೇನೆಂಬುದನ್ನು ಆ ಹಾಳೆ ಒಂದು ಅಕ್ಷರವನ್ನೂ ಬಳಸದೆ ಹೇಳುತ್ತದೆ. ಲಾಕ್‌ಡೌನ್ ದಿನಗಳಲ್ಲಿ ಹೋದವರ ಅಂತ್ಯಕ್ರಿಯೆಗೆ ಬೆರಳೆಣಿಕೆಯ ಜನ ಸೇರಿದ್ದರು. ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಪುನೀತ್ ರಾಜ್‌ಕುಮಾರ್ ಅವರ ಅಂತಿಮ ದರ್ಶನಕ್ಕೆ ಕಂಠೀರವ ಕ್ರೀಡಾಂಗಣಕ್ಕೆ ಲಕ್ಷಾಂತರ ಜನ ಬಂದರು. ಎರಡೂ ಒಂದೇ ವರ್ಷದ ಮಾತು ಎಂಬುದು ಹಾಳೆ ಮಗುಚುವಾಗ ಥಟ್ಟನೆ ಎದುರಾಗುತ್ತದೆ. ನಮ್ಮ ದೊಡ್ಡಪ್ಪ ಹೋದದ್ದೂ ಅದೇ ಮೇ ತಿಂಗಳಲ್ಲಿ. ಅಮ್ಮ ಅವರ ದಿನದ ಚೌಕದಲ್ಲಿ ಕಾಡಿಗೆಯ ಕಡ್ಡಿಯಿಂದ ತಾವೇ ಒಂದು ಚುಕ್ಕೆ ಇಟ್ಟುಕೊಂಡಿದ್ದರು. ಪೆನ್ಸಿಲ್ ಹಿಡಿಯುವುದಿಲ್ಲ ಎಂದು ಆಗಲೇ ಹೇಳಿದೆನಲ್ಲ.

ಚುಕ್ಕೆಯ ವಿಷಯ ಬಂದದ್ದರಿಂದ ಒಂದು ತಕರಾರು. ಆ ಕರಿ ಚುಕ್ಕೆಗೆ ಕ್ಯಾಲೆಂಡರಿನವರು ಕೊಟ್ಟಿರುವ ಹೆಸರು ‘ಪುಣ್ಯತಿಥಿ’. ತಿಥಿ ಎಂಬುದು ಪಂಚಾಂಗದ ಲೆಕ್ಕ, ತಾರೀಕಲ್ಲ. ದೊರೆಸ್ವಾಮಿಯವರು ತೀರಿಕೊಂಡ 2021ರ ಮೇ 26 ಬುದ್ಧ ಪೂರ್ಣಿಮೆಯ ದಿನ. 2022ರಲ್ಲಿ ಆ ಹುಣ್ಣಿಮೆ ಬಂದದ್ದು ಮೇ 16ಕ್ಕೆ. ಇದೇ ಕ್ಯಾಲೆಂಡರಿನ 16ರ ಚೌಕದಲ್ಲಿ ಬುದ್ಧ ಪೂರ್ಣಿಮೆ ಎಂದು ಅಚ್ಚಾಗಿದೆ, ಪುಣ್ಯತಿಥಿಯ ಚುಕ್ಕೆ ಮಾತ್ರ 26ರಲ್ಲಿದೆ. ಪಂಚಾಂಗವನ್ನೂ ಜೊತೆಗೇ ಅಚ್ಚು ಹಾಕುವವರು ಇಷ್ಟು ಗಮನಿಸಬೇಕಿತ್ತು. ಇಲ್ಲವೇ ‘ಸ್ಮರಣೆಯ ದಿನ’ ಎಂದು ಸುಮ್ಮನೆ ಬರೆಯಬಹುದಿತ್ತು. ದಿಲೀಪ್ ಕುಮಾರ್, ಆಸ್ಕರ್ ಫರ್ನಾಂಡಿಸ್ ಅವರಿಗೂ ಪುಣ್ಯತಿಥಿಯನ್ನೇ ಹಚ್ಚಿರುವುದು ಇನ್ನಷ್ಟು ವಿಚಿತ್ರವಾಗಿ ಕಾಣುತ್ತದೆ. ಕನ್ನಡದಲ್ಲಿ ಸಾವಿಗೆ ಪದಗಳ ಬಡತನವಿಲ್ಲ. ತೀರಿಕೊಂಡರು, ಕಾಲವಾದರು, ನಿಧನರಾದರು, ಅಗಲಿದರು ಎಂಬ ಎಲ್ಲರಿಗೂ ಸಲ್ಲುವ ಮಾತುಗಳಿವೆ. ಲಿಂಗೈಕ್ಯ, ವೈಕುಂಠವಾಸಿ ಎಂಬ ಒಂದೊಂದು ಸಂಪ್ರದಾಯದ ಮಾತುಗಳೂ ಇವೆ. ಇಲ್ಲಿನ ಹಿಂಬದಿಯ ಬರಹಗಾರರು ‘ಇಹಲೋಕ ತ್ಯಜಿಸಿದರು’ ಎಂಬ ಒಂದೇ ನುಡಿಗಟ್ಟನ್ನು ಪ್ರತಿ ಬರಹದಲ್ಲೂ ಬಳಸಿದ್ದಾರೆ. ಅದರಲ್ಲೂ ನಿಘಂಟು ಮಾಡಿದವರ ಬಗೆಗಿನ ಬರಹದಲ್ಲಿ ಅದನ್ನು ಓದುವಾಗ ಮನಸ್ಸಿಗೆ ಕಿರಿಕಿರಿಯಾಗುತ್ತದೆ.

ಆ ಬರಹ ಜಿ. ವೆಂಕಟಸುಬ್ಬಯ್ಯನವರದು, ಏಪ್ರಿಲ್ 19ರ ಚುಕ್ಕೆ. ಅದರ ಮೊದಲ ವಾಕ್ಯ, ಎರಡನೆಯ ವಾಕ್ಯ, ಕೊನೆಯ ವಾಕ್ಯ ಮೂರೂ ಅವರ ವಯಸ್ಸಿನ ಬಗ್ಗೆಯೇ ಇವೆ. 1913ರ ಆಗಸ್ಟ್ 23ರಂದು ಹುಟ್ಟಿ 107 ವರ್ಷ ಬಾಳಿದ್ದು ದೊಡ್ಡ ಮಾತೇ, ಇಲ್ಲವೆನ್ನುವುದಿಲ್ಲ. ಆದರೆ ಆಯಸ್ಸು ಒಂದು ಸಾಧನೆಯಲ್ಲ. ಆ ಆಯಸ್ಸಿನಲ್ಲಿ ಅವರು ಮಾಡಿದ್ದು ಸಾಧನೆ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ–ಕನ್ನಡ ನಿಘಂಟು ಎಂಟು ಸಂಪುಟಗಳದ್ದು. ಶಾಸನದಿಂದ, ಹಳಗನ್ನಡ ಕಾವ್ಯದಿಂದ, ವಚನದಿಂದ ಪ್ರಯೋಗಗಳನ್ನು ಹೆಕ್ಕಿ, ಚೀಟಿ ಮಾಡಿ, ಒಂದೊಂದು ಪದಕ್ಕೂ ಅದು ಎಲ್ಲಿ ಹೇಗೆ ಬಳಕೆಯಾಗಿದೆ ಎಂಬ ಆಧಾರ ಕೊಡುವ ಕೆಲಸ ಅದು. ಹತ್ತಾರು ವಿದ್ವಾಂಸರು ದಶಕಗಳ ಕಾಲ ದುಡಿದ ಆ ಕೆಲಸದ ಪ್ರಧಾನ ಸಂಪಾದಕರಾಗಿದ್ದವರು ಅವರು. ಅದಕ್ಕಿಂತಲೂ ಜನರಿಗೆ ಹತ್ತಿರವಾದದ್ದು 1991ರಿಂದ ಪ್ರಜಾವಾಣಿಯಲ್ಲಿ ಬಂದ ‘ಇಗೋ ಕನ್ನಡ’. ಯಾವುದೋ ಊರಿನ ಶಿಕ್ಷಕರು, ಬ್ಯಾಂಕಿನ ಗುಮಾಸ್ತರು, ಗೃಹಿಣಿಯರು ತಮ್ಮೂರಿನ ಒಂದು ಮಾತಿಗೆ ಮೂಲವೇನು, ಈ ಎರಡರಲ್ಲಿ ಯಾವ ರೂಪ ಸರಿ ಎಂದು ಬರೆದು ಕೇಳುತ್ತಿದ್ದರು; ಅವರು ಉತ್ತರ ಕೊಡುತ್ತಿದ್ದರು. ಕ್ಯಾಲೆಂಡರಿನಲ್ಲಿ ಈ ಅಂಕಣದ ಹೆಸರೂ ಇಲ್ಲ. ಆ ಅಂಕಣದ ಧಾಟಿಯಲ್ಲಿ ತಿಂಗಳಿಗೊಂದು ಪದವನ್ನು ಎತ್ತಿಕೊಂಡು ಅರ್ಥ ಹೇಳಿದ್ದರೂ ಸಾಕಿತ್ತು. ಕ್ಯಾಲೆಂಡರಿಗೆ ಅದಕ್ಕಿಂತ ಹೇಳಿ ಮಾಡಿಸಿದ ಬರಹ ಇನ್ನೊಂದಿಲ್ಲ.

ದೊರೆಸ್ವಾಮಿಯವರಿಗೂ ಇದೇ ಗತಿ. 103 ವರ್ಷ ಎಂಬ ಅಂಕಿಯನ್ನು ದಪ್ಪ ಅಕ್ಷರದಲ್ಲಿ ಹಾಕಿ, ‘ಸರಳ ಸಜ್ಜನಿಕೆಯ ಮೇರು ವ್ಯಕ್ತಿತ್ವ’ ಎಂದು ಮುಗಿಸಿದ್ದಾರೆ. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಅಂಚೆಡಬ್ಬಗಳಲ್ಲಿ ಸಣ್ಣ ಬಾಂಬು ಇಟ್ಟು ಸರ್ಕಾರದ ಸಂಪರ್ಕ ಕಡಿಯುವ ಕೆಲಸದಲ್ಲಿ ತೊಡಗಿ 14 ತಿಂಗಳು ಜೈಲಿನಲ್ಲಿದ್ದು ಬಂದ ಮನುಷ್ಯನನ್ನು ಬರಿಯ ಸಜ್ಜನ ಎಂದು ಕರೆದರೆ ಏನು ಹೇಳಿದಂತಾಯಿತು? ‘ಪೌರವಾಣಿ’ ಪತ್ರಿಕೆ ನಡೆಸಿದ್ದು, ಸ್ವಾತಂತ್ರ್ಯ ಬಂದ ಮೇಲೂ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಮೈಸೂರು ಚಲೋದಲ್ಲಿದ್ದದ್ದು, ತುರ್ತು ಪರಿಸ್ಥಿತಿಯಲ್ಲಿ ಮತ್ತೆ ಜೈಲು ಸೇರಿದ್ದು, ನೂರರ ಆಸುಪಾಸಿನಲ್ಲೂ ಭೂಕಬಳಿಕೆಯ ವಿರುದ್ಧ ಧರಣಿ ಕೂತದ್ದು ಯಾವುದೂ ಇಲ್ಲ. ಎಲ್ಲ ಪಕ್ಷದ ಸರ್ಕಾರಗಳಿಗೂ ಅವರು ಇರಿಸುಮುರಿಸು ಉಂಟುಮಾಡುತ್ತಿದ್ದರು. ಗೋಡೆಗೆ ತೂಗುವಾಗ ಯಾರಿಗೂ ಇರಿಸುಮುರಿಸಾಗಬಾರದೆಂದು ಅದನ್ನೆಲ್ಲ ಒರೆಸಿ ನುಣ್ಣಗೆ ಮಾಡಿದ್ದಾರೆಂದು ಕಾಣುತ್ತದೆ.

ಇದಕ್ಕೆ ಪೂರ್ತಿ ತದ್ವಿರುದ್ಧವಾಗಿ, ಇಡೀ ಕ್ಯಾಲೆಂಡರಿನಲ್ಲಿ ಅತ್ಯುತ್ತಮ ಬರಹವೆಂದರೆ ಜನವರಿ–ಫೆಬ್ರುವರಿ ಹಾಳೆಯ ಹಿಂದಿನ ಡಾ. ವಿ. ಶಾಂತಾ ಅವರದು. ಇದನ್ನು ಬರೆದವರು ಬೇರೆಯವರೇ ಇರಬೇಕು. ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ 1954ರಲ್ಲಿ ಮುತ್ತುಲಕ್ಷ್ಮಿ ರೆಡ್ಡಿಯವರ ಪ್ರಯತ್ನದಿಂದ ಹನ್ನೆರಡು ಹಾಸಿಗೆಯ ಪುಟ್ಟ ಆಸ್ಪತ್ರೆಯಾಗಿ ಶುರುವಾಯಿತು; ಮರುವರ್ಷವೇ ಶಾಂತಾ ಅಲ್ಲಿಗೆ ಸೇರಿದರು; 2021ರ ಜನವರಿ 19ರಂದು 93ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಆ ಆವರಣವೇ ಅವರ ಮನೆಯಾಗಿತ್ತು. ಬರಹದಲ್ಲಿ ಒಂದು ವಿಶೇಷಣವೂ ಇಲ್ಲ. ಹಾಸಿಗೆ ಎಷ್ಟಿತ್ತು, ಬಡ ರೋಗಿಗಳಿಂದ ಹಣ ಪಡೆಯದ ವ್ಯವಸ್ಥೆ ಹೇಗೆ ನಡೆಯಿತು, 2005ರ ಮ್ಯಾಗ್ಸೆಸೆ ಯಾವುದಕ್ಕೆ ಬಂತು ಎಂಬುದಷ್ಟೇ ಇದೆ. ಅಡ್ಯಾರಿಗೆ ರಾತ್ರಿ ಬಸ್ಸಿನಲ್ಲಿ ರೋಗಿಗಳನ್ನು ಕರೆದುಕೊಂಡು ಹೋಗಿ ಬಂದ ಕುಟುಂಬಗಳು ನಮ್ಮಲ್ಲಿ ಕಡಿಮೆಯಿಲ್ಲ. ಆದ್ದರಿಂದ ಕನ್ನಡದ ಕ್ಯಾಲೆಂಡರಿನ ಮೊದಲ ಹಾಳೆಗೇ ಅವರನ್ನು ಆರಿಸಿದ್ದು ಮೆಚ್ಚಬೇಕಾದ ತೀರ್ಮಾನ. ಎರಡು ತಿಂಗಳು ಆ ಮುಖವೊಂದೇ ಅಷ್ಟು ದೊಡ್ಡ ಹಾಳೆಯ ತುಂಬ ಇದ್ದದ್ದು ಕಣ್ಣಿಗೂ ಹಿತವಾಗಿತ್ತು.

ಮಾರ್ಚ್ 6ರ ಚುಕ್ಕೆ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರದು. ಭಾವಗೀತೆ, ಮಕ್ಕಳ ಹಾಡು, ಷೇಕ್ಸ್‌ಪಿಯರನ ಸುನೀತಗಳ ಮತ್ತು ಯೇಟ್ಸ್‌ನ ಅನುವಾದ ಎಲ್ಲವನ್ನೂ ಬರಹ ಹೇಳುತ್ತದೆ. ಶಿಶುನಾಳ ಷರೀಫರ ಪದಗಳನ್ನು ಸಂಗ್ರಹಿಸಿ ಪರಿಷ್ಕರಿಸಿ ನಗರದ ಕೇಳುಗರಿಗೆ ತಲುಪಿಸಿದ್ದರಲ್ಲಿ ಅವರದೂ ಸಿ. ಅಶ್ವತ್ಥರದೂ ಎಷ್ಟು ದೊಡ್ಡ ಪಾಲಿತ್ತೆಂಬುದನ್ನೂ ಸರಿಯಾಗಿಯೇ ದಾಖಲಿಸಿದೆ. ಆದರೆ ಮುದ್ರಕರ ಕಣ್ಣಿಗೆ ಬೀಳದೆ ತಪ್ಪಿಹೋದ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಇರಲಾರೆ. ಅದೇ 2021ರ ಮಾರ್ಚ್ 6ರಂದು ನೆದರ್ಲೆಂಡ್ಸಿನಲ್ಲಿ ಲೂ ಒಟೆನ್ಸ್ ಎಂಬ ಇಂಜಿನಿಯರ್ 94ನೆಯ ವಯಸ್ಸಿನಲ್ಲಿ ತೀರಿಕೊಂಡರು. ಫಿಲಿಪ್ಸ್ ಕಂಪನಿಯಲ್ಲಿದ್ದ ಅವರ ತಂಡ ರೂಪಿಸಿದ ಕ್ಯಾಸೆಟ್ಟು 1963ರಲ್ಲಿ ಬರ್ಲಿನ್ನಿನ ರೇಡಿಯೊ ಪ್ರದರ್ಶನದಲ್ಲಿ ಮೊದಲು ಹೊರಬಂತು. ಅದು ಎಷ್ಟು ದೊಡ್ಡದಿರಬೇಕೆಂದು ನಿರ್ಧರಿಸಲು ಅವರು ತಮ್ಮ ಕೋಟಿನ ಜೇಬಿಗೆ ಹಿಡಿಯುವಂಥ ಒಂದು ಮರದ ತುಂಡನ್ನು ಕತ್ತರಿಸಿ ಇಟ್ಟುಕೊಂಡಿದ್ದರು. ಆ ಜೇಬಿನಳತೆಯ ಪೆಟ್ಟಿಗೆಯೊಳಗೆ ಕೂತೇ ಅಲ್ಲವೇ ಕನ್ನಡದ ಭಾವಗೀತೆಗಳೂ ಷರೀಫರ ಪದಗಳೂ ಎಪ್ಪತ್ತು–ಎಂಬತ್ತರ ದಶಕಗಳಲ್ಲಿ ಮನೆಮನೆಗೆ, ಲಾರಿಗಳಿಗೆ, ಮದುವೆ ಚಪ್ಪರಗಳಿಗೆ ಹೋದದ್ದು? ಟೇಪು ಸಿಕ್ಕಿಹಾಕಿಕೊಂಡಾಗ ನಟರಾಜ ಪೆನ್ಸಿಲನ್ನು ತೂತಿಗೆ ತೂರಿಸಿ ಸುತ್ತುತ್ತಿದ್ದ ತಲೆಮಾರಿನವನಾದ ನನಗೆ, ಹಾಡು ಬರೆದ ಕವಿ ಮತ್ತು ಹಾಡನ್ನು ಹೊತ್ತ ಪೆಟ್ಟಿಗೆ ಮಾಡಿದ ಇಂಜಿನಿಯರ್ ಒಂದೇ ದಿನ ಹೋದರೆಂಬುದು ಬರಿಯ ಕಾಕತಾಳೀಯವಾದರೂ ಒಂದೇ ಚೌಕದಲ್ಲಿ ಎರಡು ಚುಕ್ಕೆ ಇಡಬೇಕಾದ ಸಂಗತಿ. ‘ನಾನಾ ಕ್ಷೇತ್ರ’ ಎಂದು ಮುಖಪುಟದಲ್ಲಿ ಹಾಕಿಕೊಳ್ಳುವವರು ಹುಡುಕಬೇಕಾದದ್ದು ಇಂಥದ್ದನ್ನು.

ನಾನಾ ಕ್ಷೇತ್ರದ ಮಾತು ಎಷ್ಟರಮಟ್ಟಿಗೆ ನಿಜವೆಂದು ಎಣಿಸಿ ನೋಡಿದೆ. ಹದಿಮೂರರಲ್ಲಿ ಐವರು ಸಿನಿಮಾದವರು. ಹೆಂಗಸರು ಇಬ್ಬರೇ, ಶಾಂತಾ ಮತ್ತು ಜಯಂತಿ. ವೈದ್ಯರೊಬ್ಬರನ್ನು ಬಿಟ್ಟರೆ ವಿಜ್ಞಾನದವರು ಯಾರೂ ಇಲ್ಲ. ನವೆಂಬರ್–ಡಿಸೆಂಬರ್ ಹಾಳೆಯಲ್ಲಿ ‘ಇತರರು’ ಎಂಬ ತಲೆಬರಹದಡಿ ಅಂಚೆಚೀಟಿಯಷ್ಟು ಸಣ್ಣ ಚಿತ್ರಗಳ ಸಾಲೊಂದಿದೆ, ಬರಿಯ ಹೆಸರು ಮತ್ತು ತಾರೀಕಿನೊಂದಿಗೆ. ಅಲ್ಲಿ ಯಾರಿದ್ದಾರೆಂದು ನೋಡಿದರೆ ಹೊಟ್ಟೆ ಉರಿಯುತ್ತದೆ. 1957ರಲ್ಲಿ ಕೇರಳದ ಮೊದಲ ಸರ್ಕಾರದ ಕಂದಾಯ ಸಚಿವೆಯಾಗಿ ಭೂಸುಧಾರಣೆಗೆ ಕೈಹಾಕಿದ ಕೆ.ಆರ್. ಗೌರಿಯಮ್ಮ ಅಲ್ಲಿದ್ದಾರೆ, ಸ್ತ್ರೀವಾದವನ್ನು ಹಾಡಿನ ಮೂಲಕ ಹಳ್ಳಿಗಳಿಗೆ ಒಯ್ದ ಕಮಲಾ ಭಸೀನ್ ಇದ್ದಾರೆ, 1956ರಲ್ಲಿ ವಿದೇಶದಲ್ಲಿ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ನಂದು ನಾಟೇಕರ್, ಕಾವೇರಿ ಹೋರಾಟದ ಮಂಡ್ಯದ ಜಿ. ಮಾದೇಗೌಡರು, ಇಬ್ಬರು ಚಂದ್ರನ ಮೇಲೆ ನಡೆದಾಡುವಾಗ ಒಬ್ಬರೇ ನೌಕೆಯಲ್ಲಿ ಚಂದ್ರನನ್ನು ಸುತ್ತುತ್ತಿದ್ದ ಮೈಕೆಲ್ ಕಾಲಿನ್ಸ್ ಎಲ್ಲರೂ ಆ ಸಾಲಿನಲ್ಲೇ. ದಿಲೀಪ್ ಕುಮಾರ್ ದೊಡ್ಡ ನಟರೆಂಬುದರಲ್ಲಿ ಎರಡು ಮಾತಿಲ್ಲ, ಆದರೆ ಅವರ ಚಿತ್ರ ಎಲ್ಲ ಕಡೆಯೂ ಸಿಗುತ್ತದೆ. ಗೌರಿಯಮ್ಮನವರದು ಕನ್ನಡದ ಗೋಡೆಗಳ ಮೇಲೆ ಇನ್ನೆಲ್ಲಿ ಸಿಗಬೇಕು? ಬರಿಯ ಹೆಸರು ಕೊಟ್ಟರೆ ಗೊತ್ತಿದ್ದವರಿಗಷ್ಟೇ ನೆನಪಾಗುತ್ತದೆ, ಗೊತ್ತಿಲ್ಲದವರಿಗೆ ಅದು ಇನ್ನೊಂದು ಮುಖ ಅಷ್ಟೇ.

ಮತ್ತೆ ಮೇ–ಜೂನ್ ಹಾಳೆಗೆ ಬರುತ್ತೇನೆ, ಏಕೆಂದರೆ ತಪ್ಪುಗಳೂ ಒಳ್ಳೆಯವೂ ಹೆಚ್ಚಾಗಿ ಅಲ್ಲೇ ಇವೆ. ಬಹುಗುಣ ಅವರ ಬರಹದಲ್ಲಿ ಚಿಪ್ಕೋ, ಹಿಮಾಲಯದ ಪಾದಯಾತ್ರೆ, ತೆಹ್ರಿ ಅಣೆಕಟ್ಟಿನ ವಿರುದ್ಧದ ಉಪವಾಸ ಬಂದು, ಕೊನೆಗೆ 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಕಡೆಯ ಜನ ಮರಗಳನ್ನು ತಬ್ಬಿ ಶುರುಮಾಡಿದ ಅಪ್ಪಿಕೋಗೆ ಆ ಚಳವಳಿ ಪ್ರೇರಣೆಯಾದದ್ದನ್ನು ಹೇಳಿದ್ದಾರೆ. ಗಢವಾಲದವರೊಬ್ಬರು ನಮ್ಮ ಗೋಡೆಗೆ ಯಾಕೆ ಬಂದರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಮಿಲ್ಖಾ ಸಿಂಗರದ್ದು ಹಾಗಲ್ಲ. 1960ರ ರೋಮ್ ಒಲಿಂಪಿಕ್ಸಿನ 400 ಮೀಟರ್ ಓಟದಲ್ಲಿ ‘ಹಿಂದಿರುಗಿ ನೋಡಿದ್ದರಿಂದ ಚಿನ್ನ ತಪ್ಪಿತು’ ಎಂದು ಅಚ್ಚಾಗಿದೆ. ಅವರಿಗೆ ತಪ್ಪಿದ್ದು ಕಂಚು, 45.6 ಸೆಕೆಂಡಿನಲ್ಲಿ ಓಡಿ ನಾಲ್ಕನೆಯವರಾದರು, ಮೂರನೆಯವರಾದ ದಕ್ಷಿಣ ಆಫ್ರಿಕಾದ ಮಾಲ್ಕಂ ಸ್ಪೆನ್ಸ್ ಓಡಿದ್ದು 45.5ರಲ್ಲಿ. ಆ ಒಂದು ಗೆರೆಯ ಅಂತರವೇ ಎಷ್ಟೋ ಮರುಕ ಹುಟ್ಟಿಸುತ್ತದೆ, ಅದಕ್ಕೆ ಚಿನ್ನದ ಲೇಪ ಬೇಕಿರಲಿಲ್ಲ. ಅವರಿಗಿಂತ ಐದು ದಿನ ಮೊದಲು, ಜೂನ್ 13ರಂದು, ಅವರ ಪತ್ನಿ, ಭಾರತದ ವಾಲಿಬಾಲ್ ತಂಡದ ನಾಯಕಿಯಾಗಿದ್ದ ನಿರ್ಮಲ್ ಕೌರ್ ಕೂಡ ಕೋವಿಡ್ಡಿನಿಂದಲೇ ಹೋದರೆಂಬುದು ಎಲ್ಲಿಯೂ ಇಲ್ಲ.

ಸಿದ್ಧಲಿಂಗಯ್ಯನವರ ಬಗ್ಗೆ ‘ದಲಿತ ಕವಿ’ ಎಂಬ ಎರಡು ಪದಗಳ ಸುತ್ತಲೇ ಇಡೀ ಪುಟ ತಿರುಗುತ್ತದೆ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ್ದು, 1975ರ ಮೊದಲ ಸಂಕಲನದ ಕಿಚ್ಚು, ದಲಿತ ಸಂಘರ್ಷ ಸಮಿತಿ ಎಲ್ಲ ಸರಿ. ಆದರೆ ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದ ವಿದ್ವಾಂಸ, ಎರಡು ಅವಧಿ ವಿಧಾನ ಪರಿಷತ್ತಿನಲ್ಲಿ ಕೂತು ಮಾತಾಡಿದ ಸದಸ್ಯ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಬಡತನವನ್ನೂ ಅವಮಾನವನ್ನೂ ಹೇಳುತ್ತಲೇ ಓದುಗರನ್ನು ಹೊಟ್ಟೆ ಹಿಡಿದು ನಗುವಂತೆ ಮಾಡಿದ ಆತ್ಮಕತೆಯ ಲೇಖಕ ಕಾಣುವುದಿಲ್ಲ. ‘ಊರುಕೇರಿ’ ಓದಿದವರಿಗೆ ಅವರ ನಗು ಅವರ ಸಿಟ್ಟಿನಷ್ಟೇ ಮುಖ್ಯವೆಂದು ಗೊತ್ತು. ಚಿತ್ರವನ್ನು ಆರಿಸಿದವರಿಗೆ ಮಾತ್ರ ಅದು ತಿಳಿದಿತ್ತೆಂದು ತೋರುತ್ತದೆ. ಐದು ಮುಖಗಳಲ್ಲಿ ನಗುತ್ತಿರುವುದು ಅವರದೊಂದೇ.

ಸಂಚಾರಿ ವಿಜಯ್ ಅವರ ಚುಕ್ಕೆ ಇರುವುದು ಜೂನ್ 14ರಲ್ಲಿ, ಕಾರಹುಣ್ಣಿಮೆಯ ಗುರುತಿನ ಪಕ್ಕದಲ್ಲಿ. ಹಿಂಬದಿಯ ಬರಹದಲ್ಲಿ 15 ಎಂದಿದೆ. ಇದನ್ನು ಅಚ್ಚಿನ ತಪ್ಪೆಂದು ತಳ್ಳಿಹಾಕಲಾಗದು. ಜೂನ್ 12ರ ರಾತ್ರಿ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟುಬಿದ್ದ ಅವರ ಮಿದುಳು ನಿಷ್ಕ್ರಿಯವಾಗಿದೆಯೆಂದು ವೈದ್ಯರು ಹೇಳಿದ್ದು 14ರಂದು, ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿ ಎಲ್ಲವೂ ಮುಗಿದದ್ದು 15ರಂದು. ಒಂದು ಸಾಲಿನಲ್ಲಿ ಇದನ್ನು ಹೇಳಿಬಿಟ್ಟಿದ್ದರೆ ಓದುಗರು ಗೊಂದಲಕ್ಕೆ ಬೀಳುತ್ತಿರಲಿಲ್ಲ. ಲಿಂಗತ್ವ ಅಲ್ಪಸಂಖ್ಯಾತರೊಬ್ಬರ ಪಾತ್ರಕ್ಕಾಗಿ 2014ರ ಸಾಲಿನ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಪಡೆದ ಕಡೂರು ಸೀಮೆಯ ಈ ರಂಗನಟ, ಸಾಯುವ ಹಿಂದಿನ ವಾರಗಳಲ್ಲಿ ಕೋವಿಡ್ ರೋಗಿಗಳಿಗೆ ಆಮ್ಲಜನಕ ಒದಗಿಸುವ ಕೆಲಸದಲ್ಲಿ ಓಡಾಡುತ್ತಿದ್ದರೆಂಬುದನ್ನು ಬರೆದಿರುವುದು ಮಾತ್ರ ಸಮಾಧಾನ.

ಜುಲೈ–ಆಗಸ್ಟ್ ಹಾಳೆಯನ್ನು ಬೇಗ ದಾಟಬಹುದು. ಬಳ್ಳಾರಿಯಲ್ಲಿ ಹುಟ್ಟಿ ‘ಅಭಿನಯ ಶಾರದೆ’ ಎನಿಸಿಕೊಂಡ ಜಯಂತಿಯವರ ಚಿತ್ರದಲ್ಲಿ ಬಣ್ಣಗಳ ರಿಜಿಸ್ಟರ್ ತಪ್ಪಿ, ತುಟಿಯ ಕೆಂಪು ತುಟಿಯಿಂದ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದೆ. ಎರಡು ತಿಂಗಳು ಅದನ್ನು ನೋಡುವುದು ಕಷ್ಟವಾಯಿತು.

ಸೆಪ್ಟೆಂಬರ್–ಅಕ್ಟೋಬರ್ ಹಾಳೆ ಚೆನ್ನಾಗಿದೆ. ಉಡುಪಿಯಿಂದ ಐದು ಸಲ ಲೋಕಸಭೆಗೆ ಗೆದ್ದ ಆಸ್ಕರ್ ಫರ್ನಾಂಡಿಸ್ ಅವರನ್ನು ಖಾತೆಗಳ ಪಟ್ಟಿಯಲ್ಲಿ ಮುಳುಗಿಸದೆ, ಮೌತ್ ಆರ್ಗನ್ ನುಡಿಸುತ್ತಿದ್ದ, ಕೂಚಿಪುಡಿ ಕಲಿತಿದ್ದ, ಯೋಗ ಬಿಡದ ಮನುಷ್ಯನಾಗಿ ತೋರಿಸಿದ್ದಾರೆ. ಪುನೀತ್ ಅವರ ಬರಹದಲ್ಲಿ ಭಾವುಕತೆ ಹರಿಯುತ್ತದೆಂದು ಎಣಿಸಿದ್ದೆ. ಹಾಗಾಗಿಲ್ಲ. ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ಹೇಗೆ ದೃಷ್ಟಿ ಬಂತೆಂಬುದನ್ನು ಬಿಡಿಸಿ ಹೇಳಿದ್ದಾರೆ: ಕಾರ್ನಿಯಾದ ಮುಂಪದರ ಮತ್ತು ಹಿಂಪದರಗಳನ್ನು ಬೇರ್ಪಡಿಸಿ, ಮುಂಭಾಗ ಕೆಟ್ಟವರಿಗೆ ಅದನ್ನು, ಹಿಂಭಾಗ ಕೆಟ್ಟವರಿಗೆ ಇದನ್ನು ಕಸಿ ಮಾಡಿದ್ದರಿಂದ ಒಂದು ಕಣ್ಣು ಇಬ್ಬರಿಗೆ ಸಂದಿತು. 2006ರಲ್ಲಿ ಅವರ ತಂದೆಯ ಕಣ್ಣುಗಳೂ ದಾನವಾಗಿದ್ದವೆಂಬುದನ್ನೂ ಸೇರಿಸಿದ್ದಾರೆ. ನನ್ನ ಅಣ್ಣನ ಮಗಳು, ಹಿಂಬದಿ ಓದಿದ ಮನೆಯ ಎರಡನೆಯ ವ್ಯಕ್ತಿ, ಇದನ್ನು ಶಾಲೆಯ ಭಾಷಣಕ್ಕೆ ನಕಲು ಮಾಡಿಕೊಂಡು ಹೋದಳು.

ಇಷ್ಟೆಲ್ಲ ಇದ್ದರೂ ಈ ಕ್ಯಾಲೆಂಡರಿನ ಮೂಲದಲ್ಲೇ ಒಂದು ತೊಡಕಿದೆ, ಅದು ಡಿಸೆಂಬರ್. ಹೊಸವರ್ಷದ ಕ್ಯಾಲೆಂಡರ್ ನವೆಂಬರಿನಲ್ಲೇ ಅಚ್ಚಿಗೆ ಹೋಗಬೇಕು. ಡಿಸೆಂಬರಿನಲ್ಲಿ ಹೋದವರಿಗೆ ಆಗ ಜಾಗವಿರುವುದಿಲ್ಲ; ಮುಂದಿನದು ಮುಂದಿನ ವರ್ಷದ್ದಾಗಿರುತ್ತದೆ. 2021ರ ಡಿಸೆಂಬರ್ 4ರಂದು ಹಿರಿಯ ನಟ ಶಿವರಾಮ್ ತೀರಿಕೊಂಡಾಗ, ಪಾಪ, ಮುದ್ರಕರು ಬೇರೆ ಕಾಗದದಲ್ಲಿ ಅವರ ಚಿತ್ರವನ್ನು ಅಚ್ಚು ಹಾಕಿ ಪ್ರತಿಯೊಂದು ಕ್ಯಾಲೆಂಡರಿನ ಕೊನೆಯ ಹಾಳೆಗೂ ಕೈಯಿಂದಲೇ ಅಂಟಿಸಿದ್ದಾರೆ. ನನ್ನ ಪ್ರತಿಯಲ್ಲಿ ಅದು ಸ್ವಲ್ಪ ಓರೆಯಾಗಿದೆ, ಗೋಂದಿನ ಗುರುತು ಅಂಚಿನಲ್ಲಿ ಹಳದಿಗಟ್ಟಿದೆ. ನಟನೆಗೆ ಮೊದಲು ಸಹಾಯಕ ನಿರ್ದೇಶಕರಾಗಿ ದುಡಿದು, ಅಣ್ಣನೊಂದಿಗೆ ರಾಶಿ ಬ್ರದರ್ಸ್ ಹೆಸರಿನಲ್ಲಿ ‘ಗೆಜ್ಜೆಪೂಜೆ’ಯಂಥ ಚಿತ್ರ ನಿರ್ಮಿಸಿ, ಮನೆಯಲ್ಲಿ ದೊಡ್ಡ ಪುಸ್ತಕ ಭಂಡಾರವನ್ನೇ ಇಟ್ಟುಕೊಂಡಿದ್ದವರಿಗೆ ಹಿಂಬದಿಯಲ್ಲಿ ಬರಹವಿಲ್ಲ, ಏಕೆಂದರೆ ಹಿಂಬದಿ ಆಗಲೇ ಅಚ್ಚಾಗಿತ್ತು. ಹಾಗಿದ್ದರೂ ಇಡೀ ಕ್ಯಾಲೆಂಡರಿನಲ್ಲಿ ಯಾರೋ ಮನಸ್ಸಿಟ್ಟು ಮಾಡಿದ ಕೆಲಸವೆಂದು ನನಗೆ ಕಂಡದ್ದು ಆ ಓರೆಯಾದ ಚೀಟಿಯೇ. ಡಿಸೆಂಬರ್ 8ರಂದು ಹೆಲಿಕಾಪ್ಟರ್ ದುರಂತದಲ್ಲಿ ಮಡಿದ ಜನರಲ್ ಬಿಪಿನ್ ರಾವತ್, 26ರಂದು ಒಂದೇ ದಿನ ಹೋದ ಡೆಸ್ಮಂಡ್ ಟುಟು ಮತ್ತು ಇರುವೆಗಳನ್ನು ಅಭ್ಯಾಸ ಮಾಡಿದ ವಿಜ್ಞಾನಿ ಇ.ಒ. ವಿಲ್ಸನ್ ಅದರಲ್ಲಿಲ್ಲ. ಅದಕ್ಕೂ ಹಿಂದಿನ ವರ್ಷದ ಡಿಸೆಂಬರಿನಲ್ಲಿ, 13ಕ್ಕೆ ಬನ್ನಂಜೆ ಗೋವಿಂದಾಚಾರ್ಯರು, 14ಕ್ಕೆ ಬೆಂಗಳೂರಿನ ವಾಯುಯಾನ ವಿಜ್ಞಾನಿ ರೊದ್ದಂ ನರಸಿಂಹ ಹೋದರು. ಅವರೂ ಈ ಸಂದಿಯಲ್ಲಿ ಜಾರಿ ಬಿದ್ದಿದ್ದಾರೆ. ಇದಕ್ಕೆ ಉಪಾಯ ಸುಲಭ. ವರ್ಷವನ್ನು ಡಿಸೆಂಬರಿನಿಂದ ನವೆಂಬರಿನವರೆಗೆ ಎಂದು ಎಣಿಸಿದರೆ ಯಾರೂ ಬಿಟ್ಟುಹೋಗುವುದಿಲ್ಲ. ಯುಗಾದಿಯಿಂದ ಯುಗಾದಿಗೆ ಎಂದಾದರೂ ಎಣಿಸಬಹುದು. ಪಂಚಾಂಗವಂತೂ ಕೈಯಲ್ಲೇ ಇದೆ.

ಕಳೆದ ವಾರ ಅದೇ ಅಂಗಡಿಗೆ ಹೋಗಿ ಹೊಸದನ್ನೂ ತಂದಿದ್ದೇನೆ. ಬೆಲೆ 170 ಆಗಿದೆ. ತಗಡಿನ ಪಟ್ಟಿ ಈ ಬಾರಿ ಗಟ್ಟಿಯಾಗಿದೆ, ಕಾಗದದ ಹೊಳಪು ಕಡಿಮೆಯಾಗಿ ಪೆನ್ನು ಚೆನ್ನಾಗಿ ಹಿಡಿಯುತ್ತದೆ. ಈ ಸಲದ ಇಕ್ಕಟ್ಟಿನ ಹಾಳೆ ಜನವರಿ–ಫೆಬ್ರುವರಿ: ಚಂದ್ರಶೇಖರ ಪಾಟೀಲ, ಇಬ್ರಾಹಿಂ ಸುತಾರ, ಲತಾ ಮಂಗೇಶ್ಕರ್, ಚೆನ್ನವೀರ ಕಣವಿ ನಾಲ್ವರೂ ಅದರಲ್ಲೇ. ಬರಹ ಇನ್ನೂ ಹಿಂಬದಿಯಲ್ಲೇ ಇದೆ. ಡಿಸೆಂಬರ್ 29ರಂದು ಹೋದ ಪೆಲೆ ಇಲ್ಲವಲ್ಲ ಎಂದು ಕೇಳಿದೆ. ಗಲ್ಲಾದಲ್ಲಿದ್ದವರು ಮೇಜಿನ ಕೆಳಗಿನಿಂದ ಒಂದು ಕಟ್ಟು ಚೀಟಿ ತೆಗೆದು, ಅದರಲ್ಲೊಂದನ್ನು ನನ್ನ ಸುರುಳಿಯೊಳಗೆ ತೂರಿಸಿ, ‘ಅಂಟಿಸೋಕೆ ಹುಡುಗ ಇಲ್ಲ ಸಾರ್, ಮನೇಲೇ ಅಂಟಿಸ್ಕೊಂಬಿಡಿ’ ಎಂದರು.